ಅರಿಶಿನ, ಬ್ರೊಕೊಲಿ ಕ್ಯಾಪ್ಸೂಲ್‌ನಿಂದ ಆಟಿಸಂ ವಾಸಿಯಾಗುತ್ತದೆಯೇ?

"ಮೂರು ತಿಂಗಳು ಈ ಗಿಡಮೂಲಿಕೆ ಕ್ಯಾಪ್ಸೂಲ್ ಕೊಡಿ, ಮಗು ಮಾತಾಡುತ್ತದೆ." ತಿ. ನರಸೀಪುರದ ಫ್ಯಾಮಿಲಿ ಗ್ರೂಪಿಗೆ ಇಂಥ ಮೆಸೇಜ್ ಬಂದರೆ, ಮಾತು ಬಾರದ ಮಗುವಿರುವ ಮನೆಯವರಿಗೆ ಡಿಲೀಟ್ ಮಾಡಲು ಮನಸ್ಸು ಬರುವುದಿಲ್ಲ. ಗಿಡದಿಂದ ತೆಗೆದದ್ದು ತಾನೇ, ತೊಂದರೆ ಏನು ಅನ್ನಿಸುತ್ತದೆ.

ಈ ಸುದ್ದಿ ಪೂರ್ತಿ ಕಟ್ಟುಕಥೆಯಲ್ಲ. ಬ್ರೊಕೊಲಿ ಮೊಳಕೆಯಿಂದ ಸಿಗುವ ಸಲ್ಫೊರಾಫೇನ್ ಎಂಬ ಅಂಶವನ್ನು ಅಮೆರಿಕದಲ್ಲಿ ಆಟಿಸಂ ಇರುವ 13ರಿಂದ 27 ವರ್ಷದ 44 ಹುಡುಗರು, ಯುವಕರ ಮೇಲೆ 18 ವಾರ ಪರೀಕ್ಷಿಸಿ 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ವರ್ತನೆಯಲ್ಲಿ ಸುಧಾರಣೆ ಕಂಡಿತು, ಔಷಧ ನಿಲ್ಲಿಸಿದ ಮೇಲೆ ಮೊದಲಿನಂತಾಯಿತು. ಫಾರ್ವರ್ಡ್‌ಗಳು ಇಲ್ಲಿಗೇ ನಿಲ್ಲುತ್ತವೆ. 2021ರಲ್ಲಿ 3ರಿಂದ 12 ವರ್ಷದ 57 ಮಕ್ಕಳ ಪರೀಕ್ಷೆಯ ವರದಿ ಬಂತು. ಪೋಷಕರು ತುಂಬಿದ ಒಂದು ಪ್ರಶ್ನಾವಳಿಯಲ್ಲಿ ಸ್ವಲ್ಪ ಸುಧಾರಣೆ ಇತ್ತು. ಆದರೆ ವೈದ್ಯರು ಕೊಟ್ಟ ಅಂಕಗಳಲ್ಲಿ, ಔಷಧ ತಿಂದವರಿಗೂ ಔಷಧವಿಲ್ಲದ ಹುಸಿ ಗುಳಿಗೆ ತಿಂದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಲ್ಯೂಟಿಯೊಲಿನ್ ಎಂಬ ಇನ್ನೊಂದು ಸಸ್ಯದ ಅಂಶವನ್ನು 50 ಮಕ್ಕಳಿಗೆ ಕೊಟ್ಟ ಅಧ್ಯಯನದಲ್ಲಿ ಹೋಲಿಸಿ ನೋಡಲು ಹುಸಿ ಗುಳಿಗೆಯ ಗುಂಪೇ ಇರಲಿಲ್ಲ. ಮಕ್ಕಳು ಬೆಳೆಯುತ್ತಾ ತಾವಾಗಿಯೇ ಕಲಿಯುತ್ತಾರೆ. ಹೋಲಿಕೆ ಇಲ್ಲದಿದ್ದರೆ ಅದೂ ಕ್ಯಾಪ್ಸೂಲ್‌ನ ಲೆಕ್ಕಕ್ಕೇ ಸೇರುತ್ತದೆ.

ನಮ್ಮ ಕಡೆ ಹೆಚ್ಚು ಓಡುವುದು ಅರಿಶಿನದ ಹೆಸರು. ಅದರ ಕರ್ಕ್ಯುಮಿನ್ ಬಗ್ಗೆ ಆಟಿಸಂ ವಿಷಯದಲ್ಲಿ ಇರುವ ಪುರಾವೆ ಬಹುಪಾಲು ಇಲಿಗಳದ್ದು. ಸಾರಿಗೆ ಹಾಕುವ ಅರಿಶಿನಕ್ಕೆ ಯಾರ ತಕರಾರೂ ಇಲ್ಲ, ಮಾತು ಕ್ಯಾಪ್ಸೂಲ್‌ನದ್ದು. ಕರ್ಕ್ಯುಮಿನ್ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಮೆಣಸಿನ ಪೈಪರಿನ್ ಜೊತೆ ಕೊಟ್ಟರೆ ಸುಮಾರು 20 ಪಟ್ಟು ಹೆಚ್ಚುತ್ತದೆ ಎಂದು 1998ರಲ್ಲಿ ತೋರಿಸಿದ್ದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರೇ. ಹಾಗಾಗಿಯೇ ಅನೇಕ ಕ್ಯಾಪ್ಸೂಲ್‌ಗಳಲ್ಲಿ ಪೈಪರಿನ್ ಇರುತ್ತದೆ. ಅಪಾಯವೂ ಅಲ್ಲೇ ಇದೆ: ಪೈಪರಿನ್, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪಿನ್‌ನಂಥ ಮಾತ್ರೆಗಳ ಮಟ್ಟವನ್ನೂ ರಕ್ತದಲ್ಲಿ ಏರಿಸಬಲ್ಲದು. ಆಟಿಸಂ ಇರುವ ಮಕ್ಕಳಲ್ಲಿ ಫಿಟ್ಸ್ ಇತರರಿಗಿಂತ ಹೆಚ್ಚು. ಮಗು ಇಂಥ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ವೈದ್ಯರನ್ನು ಕೇಳದೆ ಕ್ಯಾಪ್ಸೂಲ್ ಕೊಡಬೇಡಿ.

ಇನ್ನೊಂದು ವಿಷಯ ಸೀಸ. 2008ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಇಂಟರ್‌ನೆಟ್‌ನಲ್ಲಿ ಕೊಂಡ 193 ಆಯುರ್ವೇದ ಉತ್ಪನ್ನಗಳಲ್ಲಿ ಸುಮಾರು ಐದರಲ್ಲಿ ಒಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. ಸೀಸ ಮಕ್ಕಳ ಮಿದುಳಿಗೇ ಪೆಟ್ಟು ಕೊಡುವ ಲೋಹ.

ಹಾಗಾದರೆ ಎಲ್ಲಿಗೆ ಹೋಗಬೇಕು? ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. ನರಸೀಪುರದಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರ. ಮಗುವಿನ ತಪಾಸಣೆ, ಮಾತಿನ ತರಬೇತಿ ಅಲ್ಲಿ ಸಿಗುತ್ತದೆ. ಈಗಾಗಲೇ ಕ್ಯಾಪ್ಸೂಲ್ ಕೊಡುತ್ತಿದ್ದರೆ ಮುಚ್ಚಿಡಬೇಡಿ, ಡಬ್ಬಿಯನ್ನೇ ತೆಗೆದುಕೊಂಡು ಹೋಗಿ ವೈದ್ಯರಿಗೆ ತೋರಿಸಿ.