ಪಿಎಚ್‌.ಡಿ.ಯೋ, ಎಡ್‌.ಡಿ.ಯೋ? ಎರಡು ಪದವಿಗಳ ಚರಿತ್ರೆ



ಎಂ.ಎಡ್. ಮುಗಿಸಿ, ಅಮೆರಿಕದಲ್ಲೋ ಬ್ರಿಟನ್ನಿನಲ್ಲೋ ವಿಶ್ವವಿದ್ಯಾನಿಲಯದ ಅಧ್ಯಾಪಕರಾಗಬೇಕೆಂಬ ಆಸೆ ನಿಮಗಿರಬಹುದು. ಅರ್ಜಿ ತುಂಬಲು ಕುಳಿತಾಗಲೇ ಗೊಂದಲ ಶುರು. ಶಿಕ್ಷಣಶಾಸ್ತ್ರದಲ್ಲಿ ಡಾಕ್ಟರೇಟ್ ಎರಡು ಬಗೆಯದು: ಪಿಎಚ್‌.ಡಿ. ಮತ್ತು ಎಡ್‌.ಡಿ. ಯಾವುದನ್ನು ಮಾಡಿದರೂ ಹೆಸರಿನ ಮುಂದೆ 'ಡಾ.' ಬರುತ್ತದೆ. ಆದರೆ ಬದುಕಿನ ನಾಲ್ಕೈದು ವರ್ಷಗಳನ್ನೂ ಮನೆಯವರ ದುಡ್ಡನ್ನೂ ಅದಕ್ಕೆ ಹಾಕುವ ಮುನ್ನ ಇವು ಹುಟ್ಟಿದ ಕಥೆಯನ್ನು ತಿಳಿದುಕೊಳ್ಳಿ.

'ಡಾಕ್ಟರ್' ಎಂಬ ಲ್ಯಾಟಿನ್ ಪದದ ಮೂಲಾರ್ಥ ಕಲಿಸುವವನು ಎಂದು. ಯೂರೋಪಿನಲ್ಲಿ ಈ ಪದವಿ ಬೋಧನೆಯ ಪರವಾನಗಿಯಾಗಿತ್ತು. ನಮ್ಮ ಮದ್ರಸಗಳಲ್ಲಿ ಉಸ್ತಾದರು ಶಿಷ್ಯನಿಗೆ ಕೊಡುತ್ತಿದ್ದ ಇಜಾಝತ್ ಕೂಡ ಅಂಥದ್ದೇ. ಯೂರೋಪಿನ ಪರವಾನಗಿಗೆ ಇಜಾಝತೇ ಮೂಲವೆಂದು ಜಾರ್ಜ್ ಮಕ್ದಿಸಿ ಎಂಬ ವಿದ್ವಾಂಸರು ವಾದಿಸಿದರು. ಇದನ್ನು ಒಪ್ಪದ ಇತಿಹಾಸಕಾರರೂ ಇದ್ದಾರೆ, ಆದ್ದರಿಂದ ಇದನ್ನೇ ಹಿಡಿದು ಹೆಮ್ಮೆಪಡಲು ನಾವು ಅವಸರ ಮಾಡಬೇಕಾಗಿಲ್ಲ.

ಇಂದಿನ ಸಂಶೋಧನಾ ಪಿಎಚ್‌.ಡಿ. 19ನೇ ಶತಮಾನದ ಜರ್ಮನಿಯ ಕೊಡುಗೆ. 1810ರಲ್ಲಿ ಆರಂಭವಾದ ಬರ್ಲಿನ್ ವಿಶ್ವವಿದ್ಯಾನಿಲಯ ಅದಕ್ಕೆ ಮಾದರಿ. ಅಮೆರಿಕದಲ್ಲಿ ಯೇಲ್ 1861ರಲ್ಲಿ ಮೊದಲ ಪಿಎಚ್‌.ಡಿ.ಗಳನ್ನು ನೀಡಿತು. ಬ್ರಿಟನ್ ಮಾತ್ರ ಬಹಳ ಹಿಂದೆ ಬಿತ್ತು. ಅಲ್ಲಾಮ ಇಕ್ಬಾಲ್ ಕೇಂಬ್ರಿಜ್‌ನಲ್ಲಿ ಓದಿದರೂ ಡಾಕ್ಟರೇಟ್ ಪಡೆದದ್ದು ಜರ್ಮನಿಯ ಮ್ಯೂನಿಕ್‌ನಿಂದ. ಆಗ ಕೇಂಬ್ರಿಜ್‌ನಲ್ಲಿ ಪಿಎಚ್‌.ಡಿ. ಎಂಬುದೇ ಇರಲಿಲ್ಲ! ಆಕ್ಸ್‌ಫರ್ಡ್ ಅದನ್ನು ಜಾರಿಗೆ ತಂದದ್ದು 1917ರಲ್ಲಿ.

ಎಡ್‌.ಡಿ. ಹುಟ್ಟಿದ್ದು ಹಾರ್ವರ್ಡ್‌ನಲ್ಲಿ, 1920ರಲ್ಲಿ. ಶಾಲಾ ಆಡಳಿತಗಾರರಿಗೆ ವೃತ್ತಿಪರ ತರಬೇತಿ ನೀಡುವುದು ಅದರ ಉದ್ದೇಶವಾಗಿತ್ತು. ಇನ್ನೊಂದು ಕಾರಣವೂ ಇತ್ತು. ಹಾರ್ವರ್ಡ್‌ನಲ್ಲಿ ಪಿಎಚ್‌.ಡಿ. ಕೊಡುವ ಅಧಿಕಾರ ಕಲಾ ಮತ್ತು ವಿಜ್ಞಾನ ವಿಭಾಗದ್ದು, ಹೊಸ ಶಿಕ್ಷಣ ಶಾಲೆಯದ್ದಲ್ಲ. ಹೀಗಾಗಿ ಅಲ್ಲಿ ಆಳವಾದ ಸಂಶೋಧನೆ ಮಾಡಿ ಮುಂದೆ ಪ್ರಾಧ್ಯಾಪಕರಾದವರ ಕೈಯಲ್ಲೂ ಇದ್ದದ್ದು ಎಡ್‌.ಡಿ.ಯೇ. ಕೊನೆಗೆ 2012ರಲ್ಲಿ ಹಾರ್ವರ್ಡ್ ತನ್ನ ಎಡ್‌.ಡಿ.ಯ ಜಾಗದಲ್ಲಿ ಪಿಎಚ್‌.ಡಿ. ತರುವುದಾಗಿ ಸಾರಿತು. ಆ ಪದವಿಯ ತವರೇ ಅದನ್ನು ಕೈಬಿಟ್ಟಂತಾಯಿತು. ಆದರೆ ಬೇರೆಡೆ ಅದು ಬೆಳೆಯುತ್ತಲೇ ಇದೆ. ಬ್ರಿಟನ್ನಿನಲ್ಲಿ ಬ್ರಿಸ್ಟಲ್ 1992ರಲ್ಲಿ ಅದನ್ನು ಆರಂಭಿಸಿತು. ಕೆಲಸದಲ್ಲಿರುವ ಶಿಕ್ಷಕರು ಮತ್ತು ಪ್ರಾಂಶುಪಾಲರು ಅರೆಕಾಲಿಕವಾಗಿ ಓದಿ, ಮೊದಲು ಪಾಠಪತ್ರಿಕೆಗಳನ್ನು ಮುಗಿಸಿ, ಬಳಿಕ ಪಿಎಚ್‌.ಡಿ.ಗಿಂತ ಚಿಕ್ಕದಾದ ಪ್ರಬಂಧ ಬರೆಯುವುದು ಅಲ್ಲಿನ ರೂಢಿ.

ಹಾಗಾದರೆ ನೀವು ಯಾವುದನ್ನು ಆರಿಸಬೇಕು? ನಿಮ್ಮ ಗುರಿ ವಿಶ್ವವಿದ್ಯಾನಿಲಯದಲ್ಲಿ ಪಾಠ ಮತ್ತು ಸಂಶೋಧನೆಯಾದರೆ ಪಿಎಚ್‌.ಡಿ. ಮಾಡಿ ಎಂಬುದೇ ನನ್ನ ಸಲಹೆ. ಶಾಲೆ ನಡೆಸುವುದು, ಆಡಳಿತದಲ್ಲಿ ಮೇಲೇರುವುದು ಗುರಿಯಾದರೆ ಎಡ್‌.ಡಿ. ಯಾವ ರೀತಿಯಲ್ಲೂ ಕೀಳಲ್ಲ.

ದುಡ್ಡಿನ ಮಾತನ್ನೂ ಆಡಲೇಬೇಕು. ಅಮೆರಿಕದ ಒಳ್ಳೆಯ ವಿಶ್ವವಿದ್ಯಾನಿಲಯಗಳಲ್ಲಿ ಪೂರ್ಣಾವಧಿ ಪಿಎಚ್‌.ಡಿ.ಗೆ ಶುಲ್ಕ ಮಾಫಿ ಮತ್ತು ಮಾಸಿಕ ಭತ್ಯೆ ಸಿಗುವುದು ಸಾಮಾನ್ಯ. ಎಡ್‌.ಡಿ.ಗೆ ಬಹುತೇಕ ಕೈಯಿಂದಲೇ ಕಟ್ಟಬೇಕು. ಬಡ್ಡಿ ಸಾಲಕ್ಕೆ ಹೆದರಿ ವಿದೇಶದ ಓದನ್ನೇ ಕೈಬಿಡುವ ನಮ್ಮ ಮಕ್ಕಳಿಗೆ ಇದು ಸಣ್ಣ ವ್ಯತ್ಯಾಸವಲ್ಲ. ಪಿಎಚ್‌.ಡಿ. ದೊಡ್ಡ ಪದವಿ, ಹಾಗಾಗಿ ಖರ್ಚೂ ದೊಡ್ಡದು ಎಂದುಕೊಂಡು ಅರ್ಜಿಯನ್ನೇ ಹಾಕದವರಿದ್ದಾರೆ. ಲೆಕ್ಕ ಅನೇಕ ವೇಳೆ ತಿರುಗುಮುರುಗಾಗಿರುತ್ತದೆ.

ಊರಿಗೆ ಮರಳುವ ಇರಾದೆ ಇದ್ದರೆ ಇನ್ನೊಂದು ವಿಷಯ ನೆನಪಿರಲಿ. ನಮ್ಮ ಯು.ಜಿ.ಸಿ.ಯ 2018ರ ನೇಮಕಾತಿ ನಿಯಮಾವಳಿಯಲ್ಲಿ ಬರೆದಿರುವುದು ಪಿಎಚ್‌.ಡಿ. ಎಂದು. ಎಡ್‌.ಡಿ. ಹಿಡಿದು ಬಂದವರು ಅದರ ಮಾನ್ಯತೆಯನ್ನು ಸಾಬೀತುಪಡಿಸಲು ಅಲೆಯಬೇಕಾದೀತು. ಸೇರುವ ಮುನ್ನವೇ ಲಿಖಿತವಾಗಿ ವಿಚಾರಿಸಿ, ಉತ್ತರವನ್ನು ಜೋಪಾನವಾಗಿ ಇಟ್ಟುಕೊಳ್ಳಿ.