ನಗೆಯೊಂದರ ಹಿಂದಿನ ಮುಖ

ನಗೆಯನ್ನು ವರ್ಣಿಸದ ಕವಿಯಿಲ್ಲ. ಆದರೆ ಮನಸಾರೆ ನಕ್ಕ ನಗೆಗೂ ತೋರಿಕೆಯ ನಗೆಗೂ ಇರುವ ಅಂತರ ಮುಖದ ಯಾವ ಸ್ನಾಯುವಿನಲ್ಲಿದೆ ಎಂಬುದನ್ನು ಬೆರಳಿಟ್ಟು ತೋರಿಸಿದವನು ಕವಿಯಲ್ಲ, ವೈದ್ಯ. ಆತ ಫ್ರಾನ್ಸಿನ ಬೂಲೋನ್ ಪಟ್ಟಣದಲ್ಲಿ ಹುಟ್ಟಿ ಪ್ಯಾರಿಸಿನಲ್ಲಿ ಹೆಸರು ಮಾಡಿದ ಡ್ಯುಶೆನ್ (1806–1875). ಮನುಷ್ಯನ ಮುಖಭಾವಗಳನ್ನು ಕುರಿತು 1862ರಲ್ಲಿ ಆತ ಪ್ರಕಟಿಸಿದ ಗ್ರಂಥದಲ್ಲಿ ವೈದ್ಯ, ಕಲೆ, ಛಾಯಾಗ್ರಹಣ ಮೂರೂ ಒಂದೆಡೆ ಸೇರಿವೆ.

ಡ್ಯುಶೆನ್ ಪಾರ್ಶ್ವವಾಯುವಿನಂತಹ ರೋಗಗಳಿಗೆ ವಿದ್ಯುತ್ತಿನಿಂದ ಚಿಕಿತ್ಸೆ ಮಾಡುತ್ತಿದ್ದ. ಚರ್ಮವನ್ನು ಕೊಯ್ಯದೆ, ಹೊರಗಿನಿಂದಲೇ ವಿದ್ಯುತ್ತನ್ನು ಹಾಯಿಸಿ ಒಂದೊಂದೇ ಸ್ನಾಯುವನ್ನು ಕುಣಿಸಬಹುದೆಂದು ಕಂಡುಕೊಂಡ ಆತ ಅದನ್ನು ಮುಖಕ್ಕೂ ಪ್ರಯೋಗಿಸಿದ. ಒಂದೆಡೆ ಮುಟ್ಟಿಸಿದರೆ ಭಯ, ಇನ್ನೊಂದೆಡೆ ಮುಟ್ಟಿಸಿದರೆ ದುಃಖ! ಆದರೆ ಈ ಭಾವಗಳು ಚಿತ್ರಕಾರನ ಲೇಖನಿ ಹಿಡಿಯುವಷ್ಟು ಹೊತ್ತು ನಿಲ್ಲುವಂಥವಲ್ಲ. ಗಾಜಿನ ಫಲಕದ ಮೇಲೆ ಕೆಲವೇ ಕ್ಷಣಗಳಲ್ಲಿ ಚಿತ್ರ ಮೂಡಿಸುವ ಕೊಲೋಡಿಯನ್ ವಿಧಾನ 1851ರಲ್ಲಿ ಬೆಳಕಿಗೆ ಬಂದಿತ್ತು. ಪ್ರಸಿದ್ಧ ಛಾಯಾಗ್ರಾಹಕ ನಾದಾರನ ತಮ್ಮ ಆದ್ರಿಯನ್ ತೂರ್ನಶಾಂ ಕೆಲವು ಚಿತ್ರಗಳನ್ನು ತೆಗೆದುಕೊಟ್ಟ. ವೈದ್ಯನೂ ಕ್ಯಾಮೆರಾ ಹಿಡಿದ.

ಈ ಗ್ರಂಥ ವೈದ್ಯರಿಗಷ್ಟೇ ಮೀಸಲಲ್ಲ. ಅದರಲ್ಲಿ ಸೌಂದರ್ಯವನ್ನು ಕುರಿತದ್ದೇ ಒಂದು ಭಾಗವಿದೆ. ಲಾವೊಕೂನ್ ಎಂಬ ಪುರಾತನ ಶಿಲ್ಪದ ಹಣೆಯ ಗೆರೆಗಳು ಜೀವಂತ ಮುಖದಲ್ಲಿ ಹಾಗೆ ಮೂಡಲಾರವೆಂದು ಆತ ತಪ್ಪು ಹಿಡಿದ. ತನ್ನ ಚಿತ್ರಗಳ ಸಂಪುಟವನ್ನು 1875ರಲ್ಲಿ ಪ್ಯಾರಿಸಿನ ಲಲಿತಕಲೆಗಳ ಶಾಲೆಗೇ ಕೊಟ್ಟ. ಅದಕ್ಕೆ ಮೂರು ವರ್ಷ ಮುಂಚೆ ಡಾರ್ವಿನ್ ತನ್ನ ಗ್ರಂಥದಲ್ಲಿ ಇವುಗಳನ್ನು ಬಳಸಿಕೊಂಡಿದ್ದ. ಕೆಲವನ್ನು ಮರದಚ್ಚಿಗೆ ಇಳಿಸುವಾಗ ವಿದ್ಯುತ್ ಸಲಾಕೆಗಳನ್ನು ಬಿಟ್ಟುಬಿಡಲಾಯಿತು. ಓದುಗನಿಗೆ ಕಂಡದ್ದು ಭಾವ ಮಾತ್ರ.

ನಮ್ಮ ಆಲಂಕಾರಿಕರು ಒಳಗಿನದನ್ನು ಭಾವವೆಂದೂ ಅದನ್ನು ಹೊರಗೆ ಸೂಚಿಸುವುದನ್ನು ಅನುಭಾವವೆಂದೂ ಕರೆದರು. ಡ್ಯುಶೆನ್ ಭಾವವಿಲ್ಲದೆಯೇ ಅನುಭಾವವನ್ನು ಹುಟ್ಟಿಸಿದ. ಆದರೂ ಒಂದು ಗುಟ್ಟು ಆತನಿಗೆ ಹೊಳೆಯಿತು. ಕೆನ್ನೆಯ ಸ್ನಾಯು ನಮ್ಮ ಇಚ್ಛೆಗೆ ಮಣಿಯುತ್ತದೆ. ಕಣ್ಣಿನ ಸುತ್ತಲಿನದು ನಿಜವಾದ ಸಂತೋಷಕ್ಕೆ ಮಾತ್ರ ಓಗೊಡುತ್ತದೆ ಎಂದು ಆತ ಹೇಳಿದ. ಅಂಥ ನಗೆಯನ್ನು ಇಂದಿಗೂ ಮನೋವಿಜ್ಞಾನಿಗಳು ಡ್ಯುಶೆನ್ ನಗೆ ಎನ್ನುತ್ತಾರೆ.

ಆ ಮುಖ ಯಾರದು? ಚಿತ್ರಗಳಲ್ಲಿ ಮತ್ತೆ ಮತ್ತೆ ಕಾಣುವವನು ಹಲ್ಲುದುರಿದ, ಬಡಕಲು ಮೋರೆಯ ಮುದುಕ. ಚಮ್ಮಾರನಾಗಿದ್ದವನು. ಅವನ ಮುಖದಲ್ಲಿ ಸ್ಪರ್ಶಜ್ಞಾನ ಕುಂದಿತ್ತು. ವಿದ್ಯುತ್ ತಾಗಿದರೂ ನೋವಾಗುತ್ತಿರಲಿಲ್ಲ. ಪ್ರಯೋಗಕ್ಕೆ ಅದೇ ಅನುಕೂಲವಾಯಿತು. ಇನ್ನೂ ಮಿಡಿಯಬಲ್ಲ ಶವದ ಮೇಲೆ ಕೆಲಸ ಮಾಡಿದಂತಾಯಿತು ಎಂಬರ್ಥದ ಮಾತನ್ನು ವೈದ್ಯನೇ ಆಡಿದ್ದಾನೆ. ಮುದುಕನ ರೂಪ ಸಾಧಾರಣ, ಬುದ್ಧಿ ಸ್ವಲ್ಪ ಎಂದು ಬರೆದಿಟ್ಟವನು ಅವನ ಹೆಸರನ್ನು ಮಾತ್ರ ಬರೆಯಲಿಲ್ಲ. ನಗೆಗೆ ವೈದ್ಯನ ಹೆಸರು ಅಂಟಿಕೊಂಡಿತು. ಮುಖ ಕೊಟ್ಟವನ ಹೆಸರು ಉಳಿಯಲಿಲ್ಲ.

ಇದರಿಂದ ಡ್ಯುಶೆನ್‌ನ ಸಾಧನೆ ಕಿರಿದಾಗದು. ಆದರೆ ಭಯ, ದುಃಖ, ಹರ್ಷಗಳ ಆ ಚಿತ್ರಮಾಲೆಯಲ್ಲಿ ನನ್ನ ಕಣ್ಣು ನಿಲ್ಲುವುದು ಬೇರೊಂದರ ಮೇಲೆ. ಅದರಲ್ಲಿ ಸಲಾಕೆಯಿಲ್ಲ, ವೈದ್ಯನ ಕೈಯಿಲ್ಲ. ಪ್ರಯೋಗಕ್ಕೆ ಮುನ್ನಿನ ಸಹಜ ಸ್ಥಿತಿಯೆಂದು ತೋರಿಸಲು ತೆಗೆದ ಚಿತ್ರ ಅದು. ಅಲ್ಲಿ ಮುದುಕ ಸುಮ್ಮನೆ ಕುಳಿತಿದ್ದಾನೆ. ಅವನ ಮನಸ್ಸಿನಲ್ಲಿ ಆಗ ಏನಿತ್ತೆಂದು ಕೇಳಿದವರಿಲ್ಲ. ಆದರೂ ಆ ಗ್ರಂಥದಲ್ಲಿ ಅವನದೇ ಎನ್ನಬಹುದಾದ ಮುಖ ಅದು.