ಕರಾವಳಿಯ ಇಗರ್ಜಿ ಪುಸ್ತಕಗಳೂ ಮನೆತನದ ಕಡತಗಳೂ

ಶಿಲಾಶಾಸನಗಳು ಅರಸರನ್ನೂ ದಾನಿಗಳನ್ನೂ ಹೆಸರಿಸುತ್ತವೆ. ದಾನವಾದ ಗದ್ದೆಯನ್ನು ಉತ್ತವರ ಹೆಸರು ಅವುಗಳಲ್ಲಿ ದೊರೆಯುವುದು ವಿರಳ. ಸಾಮಾನ್ಯ ಕುಟುಂಬಗಳ ಹೆಸರುಗಳನ್ನು ತಲೆಮಾರುಗಳ ಕಾಲ ಬರೆದಿಟ್ಟ ದಾಖಲೆಗಳು ಕನ್ನಡಿಗರ ಮಟ್ಟಿಗೆ ಮುಖ್ಯವಾಗಿ ಎರಡು ಕಡೆ ಕಾಣಸಿಗುತ್ತವೆ. ತೀರ್ಥಪುರೋಹಿತರ ವಹಿಗಳು ಒಂದು. ಕರಾವಳಿಯ ಇಗರ್ಜಿಗಳ ಪುಸ್ತಕಗಳು ಇನ್ನೊಂದು. ಮೊದಲನೆಯದು ಕಾಶಿಯ ಕನ್ನಡಿಗರಿಗೆ ಚಿರಪರಿಚಿತ. ಎರಡನೆಯದರ ಚರಿತ್ರೆಯನ್ನು ಅದರ ಪಕ್ಕದಲ್ಲಿಟ್ಟು ನೋಡಿದರೆ, ದಾಖಲೆಯೊಂದು ಏಕೆ ಉಳಿಯುತ್ತದೆ, ಏಕೆ ಅಳಿಯುತ್ತದೆ ಎಂಬ ಪ್ರಶ್ನೆಗೆ ಕೆಲಮಟ್ಟಿಗೆ ಉತ್ತರ ದೊರೆಯುತ್ತದೆ.

ಕಾಶಿಗೆ ಬಂದ ಯಾತ್ರಿಕನು ತನ್ನ ಊರು, ಗೋತ್ರ, ತಂದೆ ತಾತಂದಿರ ಹೆಸರು, ಜೊತೆಗೆ ಬಂದವರ ಹೆಸರುಗಳನ್ನು ಹೇಳಿ ಬರೆಸುತ್ತಾನೆ, ಸಹಿ ಹಾಕುತ್ತಾನೆ. ಮುಂದೆ ಅವನ ಮಗನೋ ಮೊಮ್ಮಗನೋ ಬಂದಾಗ ಅದೇ ವಹಿ ತೆರೆಯುತ್ತದೆ. ಈ ವಹಿಗಳು ಪುರೋಹಿತ ಮನೆತನಗಳಲ್ಲಿ ಆಸ್ತಿಯಂತೆ ತಂದೆಯಿಂದ ಮಕ್ಕಳಿಗೆ ಬಂದವು. ಯಾತ್ರಿಕನ ಮೇಲಿನ ವೃತ್ತಿಯ ಹಕ್ಕನ್ನು ಸಾಬೀತುಪಡಿಸುವ ಪತ್ರ ಅದೇ ಆಗಿತ್ತು. ಜಂಗಮವಾಡಿ ಮಠದಲ್ಲಿ ಮೊಗಲ್ ಬಾದಶಹರ ಕಾಲದ ಪಾರ್ಸಿ ಸನದುಗಳು ಉಳಿದುಬಂದುದಕ್ಕೂ ಕಾರಣ ಇದೇ ಜಾತಿಯದು: ಮಠದ ಭೂಮಿಯ ಹಕ್ಕು ಆ ಕಾಗದಗಳನ್ನು ಅವಲಂಬಿಸಿತ್ತು. ಚರಿತ್ರೆಯ ಮೇಲಿನ ಪ್ರೀತಿಗಿಂತ ದಿನನಿತ್ಯದ ಅಗತ್ಯವೇ ಎರಡನ್ನೂ ಕಾಪಾಡಿತು.

ಇಗರ್ಜಿಯ ಪುಸ್ತಕಗಳ ಹಿಂದೆ ಇದ್ದುದು ಧರ್ಮಶಾಸನದ ಕಟ್ಟಳೆ. 1563ರಲ್ಲಿ ಮುಗಿದ ಟ್ರೆಂಟ್ ಮಹಾಸಭೆಯು ಪ್ರತಿಯೊಬ್ಬ ವಿಗಾರನೂ ಜ್ಞಾನಸ್ನಾನ ಮತ್ತು ವಿವಾಹಗಳನ್ನು ಬರೆದಿಡಬೇಕೆಂದು ವಿಧಿಸಿತು. 1614ರ ರೋಮನ್ ವಿಧಿಗ್ರಂಥವು ಮರಣದ ಪುಸ್ತಕವನ್ನೂ, ಮನೆಮನೆಯ ಜನರನ್ನು ಹೆಸರಿಸಿ ಎಣಿಸುವ 'ಆತ್ಮಗಳ ಸ್ಥಿತಿ' ಎಂಬ ಪುಸ್ತಕವನ್ನೂ ಸೇರಿಸಿತು. ಈ ಪದ್ಧತಿ ಗೋವೆಯ ಪಾದ್ರಿಗಳ ಮೂಲಕ ಕನ್ನಡ ಜಿಲ್ಲೆಗೆ ಬಂದಿತು. ಪೋರ್ಚುಗೀಸರು 1568ರಲ್ಲಿ ಮಂಗಳೂರಿನಲ್ಲಿ ನೆಲೆಯೂರಿದರು. ಗೋವೆಯಿಂದ ದಕ್ಷಿಣಕ್ಕೆ ಬಂದ ಕೊಂಕಣಿ ಕ್ರೈಸ್ತ ಒಕ್ಕಲುಗಳು ಕೆಳದಿ ಅರಸರ ಆಶ್ರಯದಲ್ಲಿ ಗದ್ದೆ ತೋಟಗಳನ್ನು ಮಾಡಿಕೊಂಡವು. 1678ರಲ್ಲಿ ಕೆಳದಿಯೊಡನೆ ಆದ ಒಪ್ಪಂದ ಇಗರ್ಜಿಗಳನ್ನು ಕಟ್ಟಲು ಅವಕಾಶ ನೀಡಿತು. ಮಂಗಳೂರಿನ ಮಿಲಾಗ್ರಿಸ್ ಇಗರ್ಜಿ 1680ರಲ್ಲಿ ಸ್ಥಾಪನೆಯಾಯಿತು.

ಈ ಸರಣಿ 1784ರ ಫೆಬ್ರವರಿ 24ರಂದು ಕಡಿದುಹೋಯಿತು. ಎರಡನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಟಿಪ್ಪು ಸುಲ್ತಾನನು ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. 27 ಇಗರ್ಜಿಗಳು ಬಿದ್ದುವೆಂಬುದು ಪರಂಪರೆಯ ಲೆಕ್ಕ. ಕಟ್ಟಡಗಳೊಡನೆ ಅವುಗಳ ಪುಸ್ತಕಗಳೂ ಬಹುಮಟ್ಟಿಗೆ ನಾಶವಾದವು. ಸೆರೆಹೋದವರು ಎಷ್ಟು ಮಂದಿ ಎಂಬ ಪ್ರಶ್ನೆಗೆ ಈ ನಷ್ಟದಿಂದ ಖಚಿತ ಉತ್ತರವೇ ಇಲ್ಲದಂತಾಯಿತು. 1801ರಲ್ಲಿ ಮಂಗಳೂರಿಗೆ ಬಂದ ಫ್ರಾನ್ಸಿಸ್ ಬುಕಾನನ್ ಕೇಳಿ ಬರೆದುಕೊಂಡ ಅಂಕಿಗೂ ಅನಂತರದ ಲೇಖಕರ ಅಂಕಿಗಳಿಗೂ ಹೊಂದಾಣಿಕೆಯಿಲ್ಲ. 30 ಸಾವಿರದಿಂದ 80 ಸಾವಿರದವರೆಗೆ ಎಣಿಕೆಗಳು ಹರಡಿಕೊಂಡಿವೆ. ಪ್ರತಿ ಇಗರ್ಜಿಯ 'ಆತ್ಮಗಳ ಸ್ಥಿತಿ' ಪುಸ್ತಕ ಉಳಿದಿದ್ದರೆ ಈ ವಾದಕ್ಕೆ ಆಸ್ಪದವಿರುತ್ತಿರಲಿಲ್ಲ. ಎಣಿಸಿದ ಪುಸ್ತಕ ಹೋದುದರಿಂದ ಎಣಿಕೆ ವಾದಿಸುವವರ ಪಾಲಾಯಿತು. ನೊಂದವರ ಸಂಖ್ಯೆಯನ್ನು ಹಿಗ್ಗಿಸುವುದೂ ಕುಗ್ಗಿಸುವುದೂ ಇಂದಿಗೂ ನಡೆದೇ ಇದೆ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬದುಕುಳಿದವರು ಹಿಂತಿರುಗಿದರು. ಇಗರ್ಜಿಗಳು ಮತ್ತೆ ಎದ್ದವು. ಪುಸ್ತಕಗಳು ಹೊಸದಾಗಿ ಆರಂಭವಾದವು. ಆದಕಾರಣ ಮನೆತನದ ವಂಶಾವಳಿಯನ್ನು ದಾಖಲೆಯ ಬಲದಿಂದ ಹಿಂದಕ್ಕೆ ಒಯ್ಯುವವರಿಗೆ ಸಾಮಾನ್ಯವಾಗಿ ಹತ್ತೊಂಬತ್ತನೆಯ ಶತಮಾನದ ಹೊಸ್ತಿಲಲ್ಲಿ ದಾರಿ ನಿಲ್ಲುತ್ತದೆ. ಅದರಾಚೆಗೆ ನೆರವಾಗುವುದು ಗೋವೆ. 1595ರಲ್ಲಿ ಸ್ಥಾಪಿತವಾಗಿ ಚರಿತ್ರಕಾರ ದಿಯೋಗೊ ದೊ ಕೊತೊನನ್ನು ಮೊದಲ ಪಾಲಕನನ್ನಾಗಿ ಪಡೆದ ಅಲ್ಲಿನ ಪತ್ರಾಗಾರದಲ್ಲಿ ಕನ್ನಡ ಜಿಲ್ಲೆಗೆ ಸಂಬಂಧಿಸಿದ ಒಪ್ಪಂದಗಳೂ ಪತ್ರವ್ಯವಹಾರವೂ ಉಳಿದಿವೆ. ಊರಿನಲ್ಲಿ ಅಳಿದುದು ದೂರದಲ್ಲಿ ಒಂದು ಪಾಲು ಉಳಿಯಿತು. ಆದರೆ ಉಳಿದುದು ಆಡಳಿತದ ಕಣ್ಣಿಗೆ ಕಂಡ ಸಂಗತಿ: ಅಕ್ಕಿಯ ವ್ಯಾಪಾರ, ಕಪ್ಪ, ಪಾದ್ರಿಗಳ ಅಧಿಕಾರ. ಯಾವ ಮನೆಯಲ್ಲಿ ಯಾವ ಮಗು ಹುಟ್ಟಿತು, ಅದಕ್ಕೆ ಯಾರು ಜ್ಞಾನಪಿತೃವಾದರು ಎಂಬುದು ಅಲ್ಲಿ ಸಿಕ್ಕುವುದಿಲ್ಲ.

ಬಾಸೆಲ್ ಮಿಶನ್ನಿನ ಚರಿತ್ರೆಯಲ್ಲಿಯೂ ಇದೇ ಅಂಶ ಕಾಣುತ್ತದೆ. 1834ರಲ್ಲಿ ಮಂಗಳೂರಿಗೆ ಬಂದ ಆ ಮಿಶನರಿಗಳು ತಮ್ಮ ವರದಿಗಳನ್ನು ಸ್ವಿಟ್ಜರ್‌ಲೆಂಡಿನ ಕೇಂದ್ರಕ್ಕೆ ಕಳುಹಿಸುತ್ತಿದ್ದರು. 1914ರ ಯುದ್ಧ ಆರಂಭವಾದ ಮೇಲೆ ಜರ್ಮನ್ ಮಿಶನರಿಗಳು ಕರಾವಳಿಯಿಂದ ದೂರವಾಗಬೇಕಾಯಿತು. ಬಾಸೆಲಿಗೆ ಹೋಗಿದ್ದ ಕಾಗದಗಳು ಮಾತ್ರ ಅಲ್ಲಿ ಕ್ರಮವಾಗಿ ಉಳಿದವು. ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಸಂಗ್ರಹವು ಸ್ಥಳೀಯವಾಗಿ ಉಳಿದ ಮುದ್ರಿತ ಮತ್ತು ಲಿಖಿತ ಸಾಮಗ್ರಿಗೆ ಆಶ್ರಯವಾಗಿದೆ. ಬಿಲ್ಲವ ಮೊದಲಾದ ಸಮುದಾಯಗಳಿಂದ ಆ ಸಭೆಗೆ ಸೇರಿದವರಲ್ಲಿ ಅನೇಕರು ಹುಟ್ಟಿದ ಮನೆಯ ಸಂಬಂಧವನ್ನೂ ಆಸ್ತಿಯನ್ನೂ ಕಳೆದುಕೊಂಡವರು. ಅಂಥವರ ಸಂತತಿಗೆ ಸಭೆಯ ಪುಸ್ತಕವೇ ಮನೆತನದ ಮೊದಲ ದಾಖಲೆ.

ಇಗರ್ಜಿಯ ಪುಸ್ತಕವನ್ನು ಪೂರ್ಣಗೊಳಿಸುವುದು ಮನೆಯ ಪೆಟ್ಟಿಗೆ. ಮೂಲಗೇಣಿ ಪತ್ರ, ಗೇಣಿ ರಸೀತಿ, ಮದುವೆಯ ಖರ್ಚಿನ ಲೆಕ್ಕ, ಬೊಂಬಾಯಿಯಿಂದ ಬಂದ ಕಾಗದ ಇವೆಲ್ಲ ಅದರಲ್ಲಿ ಸೇರಿರುತ್ತವೆ. ಕರಾವಳಿಯ ಹಿಂದೂ ಮನೆಗಳಲ್ಲಿ ಕಡತ, ಓಲೆಗರಿಗಳೂ ಉಂಟು. 1949ರ ಮದರಾಸು ಅಳಿಯಸಂತಾನ ಕಾಯ್ದೆ ಪಾಲುಪಟ್ಟಿಗೆ ದಾರಿ ತೆರೆದಾಗ ಕವರುಗಳನ್ನು ತೋರಿಸುವ ವಂಶವೃಕ್ಷಗಳು ಬೇಕಾದವು. 1974ರ ಭೂಸುಧಾರಣೆಯಲ್ಲಿ ಗೇಣಿದಾರನು ನ್ಯಾಯಮಂಡಳಿಯ ಮುಂದೆ ತನ್ನ ಸಾಗುವಳಿಯನ್ನು ಸ್ಥಾಪಿಸಬೇಕಾದಾಗ ಹಳೆಯ ರಸೀತಿಗೆ ಬೆಲೆ ಬಂದಿತು. ವ್ಯಾಜ್ಯ ತೀರಿದ ಮೇಲೆ ಅದೇ ಕಾಗದ ನಿರುಪಯುಕ್ತವೆನಿಸಿತು. ಕಾಶಿಯ ವಹಿಯನ್ನು ಉಳಿಸಿದ ಅಗತ್ಯವೆಂಬುದು ಇಲ್ಲದಾದಾಗ ಕಾಗದಕ್ಕೆ ಕಾವಲುಗಾರನಿಲ್ಲ.

ಕರಾವಳಿಯ ಹವೆಯೂ ಕಾಗದಕ್ಕೆ ಶತ್ರು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಗೋಡೆ ಬೆವರುತ್ತದೆ. ಬೂಷ್ಟು, ಗೆದ್ದಲು, ಬೆಳ್ಳಿಹುಳುಗಳು ಹೊತ್ತಗೆಯನ್ನು ಹೊಕ್ಕುತ್ತವೆ. ಕಬ್ಬಿಣದ ಅಂಶವುಳ್ಳ ಹಳೆಯ ಶಾಯಿ ತಾನು ಬರೆದ ಕಾಗದವನ್ನೇ ತಿನ್ನುತ್ತದೆ. ಇಂಥ ಹಾಳೆಗಳಿಗೆ ಪ್ಲಾಸ್ಟಿಕ್ ಹೊದಿಕೆ ಅಂಟಿಸುವುದು ಸಂರಕ್ಷಣೆಯಲ್ಲ. ಮುಂದೆ ಅದನ್ನು ಬಿಡಿಸುವಾಗ ಅಕ್ಷರವೂ ಹೋಗಬಹುದು. ನೆಲ ಗೋಡೆಗಳಿಗೆ ತಾಗದ ಕಪಾಟು, ಗಾಳಿಯಾಡುವ ಕೋಣೆ, ಆಮ್ಲರಹಿತ ಕಾಗದದ ಹೊದಿಕೆ, ಮಳೆಗಾಲದ ಮುನ್ನ ಮತ್ತು ಅನಂತರ ತಪಾಸಣೆ ಇಷ್ಟನ್ನು ಹಳ್ಳಿಯ ಇಗರ್ಜಿಯೂ ಮಾಡಬಹುದು.

ಇದಕ್ಕಿಂತ ಮುಖ್ಯವಾದುದು ನಕಲು. 1917ರ ಧರ್ಮಸಭಾ ಸಂಹಿತೆಯು ಪ್ರತಿ ವಿಗಾರನೂ ವರ್ಷಾಂತ್ಯದಲ್ಲಿ ತನ್ನ ಪುಸ್ತಕಗಳ ಅಧಿಕೃತ ಪ್ರತಿಯನ್ನು ಬಿಷಪರ ಕಚೇರಿಗೆ ಕಳುಹಿಸಬೇಕೆಂದು ವಿಧಿಸಿತ್ತು. ಆದರೆ 'ಆತ್ಮಗಳ ಸ್ಥಿತಿ' ಪುಸ್ತಕವನ್ನು ಆ ನಿಯಮದಿಂದ ಬಿಟ್ಟಿತ್ತು. ಚರಿತ್ರಕಾರನಿಗೆ ಅತ್ಯಂತ ಬೇಕಾದ ಪುಸ್ತಕವೇ ಹೀಗೆ ಒಂಟಿಪ್ರತಿಯಾಗಿ ಉಳಿಯಿತು. 1983ರ ಸಂಹಿತೆ ಇಗರ್ಜಿಯ ದಾಖಲೆಗಳ ಪಟ್ಟಿಯನ್ನು ಎರಡು ಪ್ರತಿಯಲ್ಲಿ ಮಾಡಿಸಿ, ಒಂದನ್ನು ಸ್ಥಳದಲ್ಲಿಯೂ ಇನ್ನೊಂದನ್ನು ಧರ್ಮಪ್ರಾಂತದ ಪತ್ರಾಗಾರದಲ್ಲಿಯೂ ಇಡುವಂತೆ ಹೇಳುತ್ತದೆ. ಇಂದು ಛಾಯಾಪ್ರತಿ ತೆಗೆಯುವುದು ಸುಲಭವಾಗಿರುವುದರಿಂದ ಪಟ್ಟಿಯೊಂದಿಗೆ ಪುಟಗಳ ಪ್ರತಿಯೂ ಎರಡು ಸ್ಥಳಗಳಲ್ಲಿರುವುದು ಯುಕ್ತ. ಮೂಲವು ಊರಿನಲ್ಲಿಯೇ ಇರಬೇಕು; ಮನೆಯ ಹೆಸರುಗಳನ್ನೂ ಅಡ್ಡಹೆಸರುಗಳನ್ನೂ ಗುರುತಿಸಬಲ್ಲ ಹಿರಿಯರು ಇರುವುದು ಅಲ್ಲಿ. ಜನನದ ಗುಟ್ಟು, ಮದುವೆಯ ಅಡಚಣೆ ಮೊದಲಾದ ವಿಷಯಗಳೂ ಈ ಪುಸ್ತಕಗಳಲ್ಲಿ ಇರುವುದರಿಂದ, ಬದುಕಿರುವವರ ಮಾನಕ್ಕೆ ಕುಂದು ಬಾರದಂತೆ ಸಮೀಪಕಾಲದ ಪುಟಗಳನ್ನು ಕೆಲವು ತಲೆಮಾರು ಮುಚ್ಚಿಡುವುದೂ ನ್ಯಾಯ.

ಈ ಕಾರ್ಯದಲ್ಲಿ ಪರಸ್ಥಳದ ಕನ್ನಡಿಗರಿಗೂ ಒಂದು ಪಾಲಿದೆ. ಊರಿನಲ್ಲಿ ಹರಿದುಹೋದ ಕಾಗದದ ಜೋಡಿ ಹಲವೊಮ್ಮೆ ಊರು ಬಿಟ್ಟವನ ಪೆಟ್ಟಿಗೆಯಲ್ಲಿ ಇರುತ್ತದೆ. ಕಾಶಿಯ ವಹಿಗಳಲ್ಲಿ ಕನ್ನಡ ಲಿಪಿಯ ಸಹಿಗಳಿರುವ ಪುಟಗಳನ್ನು ಓದಬಲ್ಲವರು ಇಲ್ಲಿ ಕೆಲವರೇ. ಪುರೋಹಿತ ಮನೆತನಗಳ ಸಮ್ಮತಿಯನ್ನು ಪಡೆದು ಕರಾವಳಿಯ ಯಾವ ಗ್ರಾಮಗಳ ಹೆಸರು ಯಾವ ವಹಿಯಲ್ಲಿ, ಯಾವ ವರ್ಷದಲ್ಲಿ ಬಂದಿದೆ ಎಂಬ ಪಟ್ಟಿಯೊಂದನ್ನು ಅವರು ಸಿದ್ಧಪಡಿಸಿದರೆ, ಮಂಗಳೂರು, ಉಡುಪಿ, ಹೊನ್ನಾವರಗಳ ಸಂಶೋಧಕರಿಗೆ ಊರಿನಲ್ಲಿ ದೊರೆಯದ ಹೆಸರುಗಳು ಗಂಗಾತೀರದಲ್ಲಿ ದೊರೆತಾವು.